ಅಳಿಯನ ಪಾಲಿನ ಮಾಲ್ಟ್

ಕೂಲಿಯವನ ಮಗ ಕುಂದೂರಿನ ದೇವೀರಪ್ಪನ ಮಗಳನ್ನೂ ಕರೆದುಕೊಂಡು ಹೋದ, ಕಸುಬನ್ನೂ ಕಿತ್ತುಕೊಂಡ. ಇವೆರಡರಲ್ಲಿ ಯಾವುದಕ್ಕೆ ಹೆಚ್ಚು ಹೊಟ್ಟೆ ಉರಿಯುತ್ತದೆಂದು ದೇವೀರಪ್ಪನಿಗೇ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ, ಮಾರನಹಳ್ಳಿ ಘಾಟಿಯ ಲಾರಿಯದಾಗಲಿ, ಎಸ್ಟೇಟ್ ಬಂಗಲೆಯ ಇನ್ವರ್ಟರಿನದಾಗಲಿ, ಸತ್ತ ಬ್ಯಾಟರಿ ಅವನ ಅಂಗಡಿಗೇ ಬರುತ್ತಿತ್ತು. ಕೊಡಲಿಯಲ್ಲಿ ಒಡೆದು, ಆಸಿಡ್ಡನ್ನು ಹಳ್ಳಕ್ಕೆ ಸುರಿದು, ಹಿತ್ತಲ ಗುಂಡಿಯಲ್ಲಿ ಇದ್ದಿಲು ಹಾಕಿ ಸೀಸ ಕರಗಿಸುತ್ತಿದ್ದ. ಈಗ ಎಲ್ಲವೂ ಅಳಿಯ ಯೋಗೇಶನ ಬ್ಯಾಟರಿ ಮರುಬಳಕೆ ಯೂನಿಟ್ಟಿಗೆ. ಅಲ್ಲಿ ಬೆಂಕಿಯೇ ಇಲ್ಲವಂತೆ! ಮುಚ್ಚಿದ ಮಿಷನ್ನಿನಲ್ಲಿ ಒಡೆದು, ಒಳಗಿನ ಕೆಸರನ್ನು ಯಾವುದೋ ದ್ರಾವಣದಲ್ಲಿ ಕರಗಿಸಿ, ಕರೆಂಟು ಹಾಯಿಸಿ ಸೀಸ ತೆಗೆಯುತ್ತಾನಂತೆ. ಹೊಗೆಯಿಲ್ಲ, ಘಾಟಿಲ್ಲ. ಅಧಿಕಾರಿಗಳು ಬಂದು ಅಳಿಯನ ಬೆನ್ನು ತಟ್ಟಿದರು. ಹಿಂದಿರುಗುವಾಗ ಮಾವನ ಗುಂಡಿಗೆ ಮಣ್ಣು ಮುಚ್ಚಿಸಿ ಹೋದರು.

ಈ ಯೋಗೇಶ ಭೂತಯ್ಯನ ಮಗ. ಭೂತಯ್ಯ ಆ ಗುಂಡಿಯಲ್ಲೇ ದುಡಿದು, ಅದರ ಪಕ್ಕದಲ್ಲೇ ಕೂತು ಮುದ್ದೆ ಉಂಡು, ಹೊಟ್ಟೆನೋವಿನಿಂದ ನೆಲದ ಮೇಲೆ ಹೊರಳಾಡಿ ಸತ್ತವನು. ಕೊನೆಕೊನೆಗೆ ಅವನ ಮಣಿಕಟ್ಟುಗಳು ಜೋತುಬಿದ್ದು, ಲೋಟ ಎತ್ತಲೂ ಆಗುತ್ತಿರಲಿಲ್ಲ. ಮೈಗೆ ಸೀಸ ಸೇರಿದೆ ಎಂದರು ಡಾಕ್ಟರು. ಸೀಸದ ಕೆಲಸದವನು ಸೀಸದಿಂದ ಸತ್ತ ಎಂದು ಊರು ಸುಮ್ಮನಾಯಿತು. ದೇವೀರಪ್ಪನನ್ನು ಯಾರೂ ಏನೂ ಕೇಳಲಿಲ್ಲ.

ಆ ಸಾವನ್ನು ನೆನೆಸಿಕೊಂಡಾಗಲೇ ಅವನಿಗೆ ದಾರಿ ಹೊಳೆದದ್ದು. ಅಪ್ಪ ಹೋದ ಹಾಗೇ ಮಗನೂ ಹೋದರೆ ಯಾರು ತಾನೇ ಅನುಮಾನ ಪಡುತ್ತಾರೆ? 'ಕ್ಲೀನು ಕ್ಲೀನು ಅಂತ ಕುಣೀತಿದ್ದ, ಅದೇ ನುಂಗ್ಬುಡ್ತು ಕಣ್ರೀ' ಅನ್ನುತ್ತಾರೆ. ಯೂನಿಟ್ಟಿಗೆ ಬೀಗ ಬೀಳುತ್ತದೆ. ಮಗಳು ಮಾನಸಾ ಹೊಟ್ಟೆಯೊಳಗಿನ ಕೂಸಿನೊಂದಿಗೆ ಅಪ್ಪನ ಮನೆಗೆ ಬರುತ್ತಾಳೆ. ತಾಯಿಯಿಲ್ಲದ ಹುಡುಗಿ, ಇನ್ನೆಲ್ಲಿಗೆ ಹೋದಾಳು? ಕೂಸನ್ನು ತೊಡೆಯ ಮೇಲೆ ಆಡಿಸುವುದನ್ನು ನೆನೆದು ಅವನಿಗೆ ನಿಜವಾಗಿಯೂ ಕಣ್ಣು ಒದ್ದೆಯಾಯಿತು.

ಸೀಸದಿಂದಾಗುವ ಒಂದು ಬಿಳಿ ಪುಡಿ ನಾಲಿಗೆಗೆ ಸಿಹಿ. ಆ ಕಸುಬಿನಲ್ಲೇ ಕೂದಲು ನೆರೆಸಿಕೊಂಡವನಿಗೆ ಅದು ಸಿಗುವುದು ಕಷ್ಟವಾಗಲಿಲ್ಲ. ಬೆಲ್ಲ ಹಾಕಿದ ರಾಗಿ ಮಾಲ್ಟಿನಲ್ಲಿ ಬೆರೆತರೆ ದೇವರಿಗೂ ತಿಳಿಯದು. ಮಾಲ್ಟ್ ಕಾಸುವುದರಲ್ಲಿ ಅವನ ಕೈ ಪಳಗಿತ್ತು. ಹೆಂಡತಿ ಬಸಮ್ಮ ತೀರಿಕೊಂಡ ಮೇಲೆ ಮಾನಸಾಳನ್ನು ಅದನ್ನೇ ಕುಡಿಸಿ ಬೆಳೆಸಿದ್ದ.

ಒಂದು ಸೋಮವಾರ ಫ್ಲಾಸ್ಕ್ ಹಿಡಿದು ಯೂನಿಟ್ಟಿನ ಗೇಟಿಗೆ ಹೋದ. ಮನೆಗಲ್ಲ. ಮನೆಯಲ್ಲಿ ಮಗಳಿದ್ದಾಳೆ, ಆ ಎಚ್ಚರ ಅವನಿಗಿತ್ತು. ಮದುವೆಯ ದಿನ ಅವನು ಆಡಿದ ಮಾತಿಗೆ ಮುನಿದು ಅವಳು ಇನ್ನೂ ಮಾತು ಬಿಟ್ಟಿದ್ದಳು.

"ಆಗಿದ್ದಾಗೋಯ್ತು ಬುಡಪ್ಪ," ಎಂದ, ದನಿ ಕೊಂಚ ನಡುಗಿಸಿ. "ನಿಮ್ಮಪ್ಪನ್ನ ನಾನು ಸರ್ಯಾಗಿ ನೋಡ್ಕಳ್ಳಿಲ್ಲ. ನಿನ್ನಾದ್ರೂ ನೋಡ್ಕತೀನಿ. ದಿನಾ ತತ್ತೀನಿ, ಬ್ಯಾಡ ಅನ್ಬ್ಯಾಡ."

ಯೋಗೇಶನ ಕಣ್ಣು ತುಂಬಿತು. ಮಂಕುದಿಣ್ಣೆ! ಫ್ಲಾಸ್ಕನ್ನು ಗೇಟಿನ ಹೊರಗಿನ ಗೂಡಿನಲ್ಲಿಟ್ಟು, ಬಟ್ಟೆ ಬದಲಿಸಿ, ಗ್ಲೌಸು ತೊಟ್ಟು, ಮಾಸ್ಕ್ ಕಟ್ಟಿಕೊಂಡು ಒಳಗೆ ಹೋದ. ಮದುವೆ ಹೆಣ್ಣಿಗೂ ಇಷ್ಟು ಶೃಂಗಾರವಿಲ್ಲ ಎಂದು ದೇವೀರಪ್ಪ ಒಳಗೊಳಗೇ ನಕ್ಕ. ಗೇಟಿನ ಮೇಲೆ ಏನೇನೋ ಬೋರ್ಡುಗಳಿದ್ದವು. ಕೂಲಿಯವನ ಮಗ ಬರೆಸಿದ್ದನ್ನು ಅವನು ಓದಲು ಹೋಗಲಿಲ್ಲ. ಸಂಜೆ ನೋಡಿದರೆ ಫ್ಲಾಸ್ಕ್ ಖಾಲಿಯಾಗಿ, ತೊಳೆದು, ಅದೇ ಗೂಡಿನಲ್ಲಿತ್ತು.

ದಿನವೂ ಹಾಗೇ ನಡೆಯಿತು. ದಿನವೂ ದೇವೀರಪ್ಪ ಅಳಿಯನ ಮಣಿಕಟ್ಟು ನೋಡುತ್ತಿದ್ದ. ತಿಂಗಳು ಕಳೆದರೂ ಮುಂಡೇದು ಗುಂಡುಗುಂಡಗೇ ಇತ್ತು!

"ಹೆಂಗೈತಪ್ಪ ಮಾಲ್ಟು?"

"ಒಂದ್ ತೊಟ್ಟೂ ಉಳಿಯಲ್ಲ, ಮಾವ."

ಗಟ್ಟಿ ಪಿಂಡ, ಎಂದುಕೊಂಡ ದೇವೀರಪ್ಪ. ಮರುದಿನದಿಂದ ಪುಡಿಯನ್ನು ಎರಡರಷ್ಟು ಮಾಡಿದ, ಬೆಲ್ಲವನ್ನೂ.

ಎರಡನೇ ತಿಂಗಳ ಕೊನೆಯಲ್ಲಿ, ಬೆಳಿಗ್ಗೆ ಮಾಲ್ಟ್ ತಿರುವುತ್ತಿದ್ದಾಗ ಪೊಲೀಸ್ ಜೀಪು ಬಂದು ಅಂಗಳದಲ್ಲಿ ನಿಂತಿತು. ಅಂತೂ ಸುದ್ದಿ ಬಂತು! ದೇವೀರಪ್ಪ ಟವೆಲನ್ನು ಕಣ್ಣಿಗೊತ್ತಿ, ಮೂಗು ಸೇದುತ್ತ ಹೊರಗೆ ಬಂದ. ಇಬ್ಬರು ಪೊಲೀಸರ ಹಿಂದೆ ಜೀಪಿನಿಂದ ಯೋಗೇಶನೇ ಇಳಿದ.

"ಮಾನಸಾ ಹಾಸನದ ಆಸ್ಪತ್ರೇಲವ್ಳೆ," ಎಂದ ಯೋಗೇಶ. "ಮಗು ಹೊಟ್ಟೇಲೇ ಹೋಗ್ಬುಡ್ತು. ಎರಡೂ ಕೈ ನಮ್ಮಪ್ಪನ ಕೈ ಥರ ಜೋತುಬಿದ್ದವೆ. ಅವಳೂ ಉಳಿಯೋದು ಅನುಮಾನ ಅಂದ್ರು. ರಕ್ತದ ತುಂಬ ಸೀಸ ಐತಂತೆ. ಯೂನಿಟ್ಟಲ್ಲಿ ತಿಂಗ್ಳು ತಿಂಗ್ಳೂ ರಕ್ತ ಟೆಸ್ಟ್ ಮಾಡುಸ್ತೀವಿ, ನನ್ ಮೈಲೂ ಇಲ್ಲ, ಕೆಲಸದೋರ ಮೈಲೂ ಇಲ್ಲ. ಮತ್ತೆ ಅವಳಿಗೆಲ್ಲಿಂದ ಬಂತು ಅಂದ್ರು ಡಾಕ್ಟ್ರು. ಅವಳಿಗೆ ಹುಷಾರು ತಪ್ಪಿದ ದಿನ ಫ್ಲಾಸ್ಕಲ್ಲಿ ಉಳಿದಿದ್ದ ಮಾಲ್ಟ್ ತಗೊಂಡೋಗಿ ಟೆಸ್ಟಿಗೆ ಕೊಟ್ಟೆ, ಅದ್ರಲ್ಲೂ ಅದೇ ಸೀಸ."

"ಅದು ನಿಂಗೆ ಕೊಟ್ಟಿದ್ದು ಕಣೋ!" ದೇವೀರಪ್ಪ ಕಿರುಚಿದ. "ಅವಳಿಗ್ಯಾಕೋ ಕುಡಿಸ್ದೆ, ಪಾಪಿ! ನಿಂಗೆ ಕಣೋ ನಾನು ಕೊಟ್ಟಿದ್ದು!"

ಪೊಲೀಸರು ಮುಖಮುಖ ನೋಡಿಕೊಂಡರು. ಯೋಗೇಶ ದನಿ ಎತ್ತಲಿಲ್ಲ. "ಮಧ್ಯಾಹ್ನ ಉಣ್ಣಕ್ಕೆ ಹೋಗುವಾಗ ಫ್ಲಾಸ್ಕ್ ಮನೆಗೇ ಒಯ್ತಿದ್ದೆ. ಅಪ್ಪನ ಕೈ ಮಾಲ್ಟು, ನಂಗೇ ಬೇಕು ಅಂತ ದಿನಾ ಅವಳೇ ಕುಡೀತಿದ್ಲು. ಅಪ್ಪಂಗೆ ಹೇಳ್ಬ್ಯಾಡ, ಅವರೇ ಮನೆಗೆ ಬಂದು ಮಾತಾಡುಸ್ಲಿ ಅಂತಿದ್ಲು. ನಾನು ಕುಡಿಯಂಗಿರ್ಲಿಲ್ಲ, ಮಾವ. ಯೂನಿಟ್ ಒಳಗೆ ಯಾರೂ ಬಾಯಿಗೆ ಏನೂ ಹಾಕ್ಕಳಂಗಿಲ್ಲ, ಗೇಟ್ ಮ್ಯಾಲೆ ದಪ್ಪಕ್ಷರದಾಗೆ ಬರ್ಸಿದೀನಿ. ನಿಮ್ಮ ಗುಂಡಿ ಪಕ್ಕ ಕೂತು ಉಂಡೇ ನಮ್ಮಪ್ಪ ಸತ್ತಿದ್ದು ಅಂತ ನಾನು ಮಾಡಿರೋ ಮೊದಲನೇ ರೂಲು ಅದು."