ಕಿರಿರಾಣಿಯ ವಿಷದ ಬಟ್ಟಲು

ದಾಸಿಯ ವೇಷದ ಹುಡುಗಿ ತಟ್ಟೆ ತಂದಿಟ್ಟಳು. ಕಿರಿರಾಣಿ ಬಿಕ್ಕುತ್ತಾ ಅದರ ಮೇಲಿನ ರೇಷ್ಮೆ ಬಟ್ಟೆ ಸರಿಸಿದಳು. ಸರಿಸಿದವಳು ಅಳುವುದನ್ನೇ ಮರೆತು ಕ್ಯಾಮೆರಾ ಕಡೆ ಪಿಳಿಪಿಳಿ ನೋಡಿದಳು. ಅಲ್ಲಿರಬೇಕಿದ್ದದ್ದು ವಿಷ ತುಂಬಿದ ಕಂಚಿನ ಬಟ್ಟಲು. ಇದ್ದದ್ದು ಒಂದು ಮರದ ಬೋಗುಣಿ.

ನಿರ್ದೇಶಕರು ಶಾಟ್ ನಿಲ್ಲಿಸಿ ಫೋಟೋ ಅಕ್ಕನ ಕಡೆ ತಿರುಗಿದರು. ಧಾರಾವಾಹಿಯ ಮಂದಿಯೆಲ್ಲ ಅವಳನ್ನು ಕರೆಯುತ್ತಿದ್ದದ್ದೇ ಹಾಗೆ. ನಿನ್ನೆಯ ದೃಶ್ಯದಲ್ಲಿ ರಾಜನ ಉಂಗುರ ಯಾವ ಬೆರಳಲ್ಲಿತ್ತು, ರಾಣಿಯ ಜಡೆ ಯಾವ ಭುಜದ ಮೇಲಿತ್ತು ಎಂದು ಫೋಟೋ ತೆಗೆದಿಟ್ಟುಕೊಂಡು, ಇವತ್ತೂ ಹಾಗೇ ಇರುವಂತೆ ನೋಡಿಕೊಳ್ಳುವುದು ಅವಳ ಕೆಲಸ. ತಿಂಡಿಗೆ ಹೋಗುವ ಮುಂಚೆ ಬಟ್ಟಲು ತಟ್ಟೆಯಲ್ಲೇ ಇತ್ತು, ಅವಳ ಫೋಟೋದಲ್ಲೂ ಇತ್ತು. ಅಂದರೆ ಎಲ್ಲರೂ ತಿಂಡಿಗೆ ಕೂತಿದ್ದಾಗ ಯಾರೋ ಅಂತಃಪುರದೊಳಗೆ ಹೋಗಿ ಕೈಚಳಕ ತೋರಿಸಿದ್ದರು.

ಬೇರೆ ಬಟ್ಟಲು ಇಟ್ಟು ಕೆಲಸ ಮುಗಿಸೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. ಮಂತ್ರಿ ಅದೇ ಬಟ್ಟಲಿಗೆ ವಿಷ ಬೆರೆಸುವುದನ್ನು ಹಿಂದಿನ ಕಂತಿನಲ್ಲಿ ಪರದೆ ತುಂಬ ತೋರಿಸಿಯಾಗಿತ್ತು. ಎರಡೂ ಕಡೆ ನವಿಲಿನ ಹಿಡಿ, ತಳದಲ್ಲಿ ಮೂರು ಕಾಲು. ಅಂಥದ್ದು ಇನ್ನೊಂದಿರಲಿಲ್ಲ. ಧಾರಾವಾಹಿಗೆ ಇತಿಹಾಸದ ಸಲಹೆ ಕೊಡಲೆಂದು ಕರೆಸಿದ್ದ ಮೇಷ್ಟ್ರು ಹಳೆಯ ಚಿತ್ರವೊಂದನ್ನು ನೋಡಿ, ಕಂಚುಗಾರನ ಬೆನ್ನು ಬಿದ್ದು ಮಾಡಿಸಿದ ಬಟ್ಟಲು ಅದು.

ಈ ಮೇಷ್ಟ್ರ ಕತೆಯನ್ನು ಸ್ವಲ್ಪ ಹೇಳಲೇಬೇಕು. ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಅರಮನೆಯಲ್ಲಿ ಗಾಜಿನ ಲೋಟ ಕಂಡರೆ ಅವರಿಗೆ ತಲೆನೋವು, ಮಖಮಲ್ಲಿನ ಪರದೆ ಕಂಡರೆ ಎದೆಯುರಿ. ಯಾರು ಏನೇ ಹೇಳಿದರೂ "ಆಧಾರ?" ಎಂದು ಕೇಳದೆ ಬಿಡುತ್ತಿರಲಿಲ್ಲ. ನಿರ್ದೇಶಕರು ಜನ ನೋಡಬೇಕಲ್ಲ ಮೇಷ್ಟ್ರೇ ಎಂದು ಗೋಗರೆಯುವುದು, ಇವರು ನಡೆದದ್ದು ನಡೆದಂತಿರಬೇಕಲ್ಲ ಸ್ವಾಮೀ ಎಂದು ಪಟ್ಟು ಹಿಡಿಯುವುದು ದಿನದ ಪಾಡು. ಹತ್ತು ಜಗಳದಲ್ಲಿ ಒಂಬತ್ತನ್ನು ಮೇಷ್ಟ್ರು ಸೋತಿದ್ದರು. ಗೆದ್ದದ್ದು ದೊಡ್ಡದನ್ನೇ. ಕಿರಿರಾಣಿಗೆ ಎಳೆಯ ವಯಸ್ಸಿನಲ್ಲೇ ವಿಷವಿಟ್ಟು ಕೊಂದದ್ದು ಶಾಸನದಲ್ಲಿದೆ, ಆದ್ದರಿಂದ ಇಲ್ಲೂ ಅವಳು ಸಾಯಲೇಬೇಕು ಎಂದು ಹಟ ಹಿಡಿದಿದ್ದರು. ಕತೆ ಬರೆಯುವಾತ ಅವಳನ್ನು ಬದುಕಿಸಿ ಎಂದು ಕೈಮುಗಿದಿದ್ದ. ನಿರ್ಮಾಪಕರು, ಸಾವೆಂದರೆ ಜನ ಮುಗಿಬಿದ್ದು ನೋಡುತ್ತಾರೆ ಎಂದು ಲೆಕ್ಕ ಹಾಕಿ ಮೇಷ್ಟ್ರ ಪರ ವಾಲಿದ್ದರು.

ಈಗ ಅದೇ ನಿರ್ಮಾಪಕರು ಕೆಂಡವಾಗಿದ್ದರು. ಗೇಟಿನಲ್ಲಿ ಎಲ್ಲರ ಚೀಲ ನೋಡುವ ಕಾವಲುಗಾರ ಬೆಳಗಿನಿಂದ ಯಾರೂ ಹೊರಗೆ ಹೋಗಿಲ್ಲವೆಂದು ಖಡಾಖಂಡಿತವಾಗಿ ಹೇಳಿದ. ಬಣ್ಣದ ಕೋಣೆ, ಉಡುಪಿನ ಪೆಟ್ಟಿಗೆ, ಕಾರಿನ ಡಿಕ್ಕಿ ಎಲ್ಲ ಜಾಲಾಡಿದರೂ ಬಟ್ಟಲಿನ ಸುಳಿವಿಲ್ಲ. ಕೊನೆಗೆ ಎಲ್ಲರ ಕಣ್ಣೂ ಸೆಟ್ಟಿನ ಸಾಮಾನು ನೋಡಿಕೊಳ್ಳುವ ಭಂಡಾರಿಯ ಮೇಲೆ ಬಿತ್ತು. ಅದು ಅವನ ಹೆಸರಲ್ಲ. ಕತ್ತಿ, ಕಿರೀಟ, ಕೊಡ, ಕನ್ನಡಿಗೆಲ್ಲ ಅವನೇ ಒಡೆಯನಾದ್ದರಿಂದ ಬಿದ್ದ ಅಡ್ಡಹೆಸರು. ಸಂಜೆಯೊಳಗೆ ಬಟ್ಟಲು ಬರದಿದ್ದರೆ ನಾಳೆಯಿಂದ ನೀನು ಬರಬೇಡ ಎಂದುಬಿಟ್ಟರು ನಿರ್ಮಾಪಕರು. 

ಆಗ ಅವನ ಪರವಾಗಿ ಎದ್ದು ನಿಂತವರು ಮೇಷ್ಟ್ರು.

"ಅವನು ತೆಗೆದಿಲ್ಲ. ಅದು ಖಂಡಿತ," ಎಂದರು. "ಸಂಜೆವರೆಗೂ ಕಾಯೋದು ಬೇಡ, ಅವನ ಮೇಲಿನ ಮಾತು ಈಗಲೇ ವಾಪಸ್ ತಗೊಳ್ಳಿ."

ನಿರ್ಮಾಪಕರು ಕೇಳಿಸಿಕೊಳ್ಳದೆ ಪೊಲೀಸರಿಗೆ ಫೋನ್ ಮಾಡಲು ಹೊರಟರು. ಪೊಲೀಸರು ಬಂದರೆ ಇಡೀ ದಿನದ ಕೆಲಸ ಹಾಳು, ನಾಳೆ ಪೇಪರಿನಲ್ಲಿ ಮಾನವೂ ಹಾಳು. ಫೋಟೋ ಅಕ್ಕ ಧೈರ್ಯ ಮಾಡಿ ನಡುವೆ ಬಾಯಿ ಹಾಕಿದಳು. "ಸಾರ್, ಒಂದು ಗಂಟೆ ಟೈಮ್ ಕೊಡಿ. ನಮ್ಮತ್ತೇನ ಕರೆಸ್ತೀನಿ."

ಅತ್ತೆಯನ್ನು ಕರೆಸುತ್ತೇನೆಂದು ಸಂತೋಷದಿಂದ ಹೇಳುವ ಸೊಸೆಯನ್ನು ಧಾರಾವಾಹಿಯವರು ಅದುವರೆಗೂ ಕಂಡಿರಲಿಲ್ಲ. ಆದರೆ ಆ ಅತ್ತೆಯೇ ಬೇರೆ. ವಿಮೆ ಕಂಪನಿಯ ಪರವಾಗಿ, ಸುಟ್ಟುಹೋದ ಗೋದಾಮು ತಾನಾಗಿ ಹೊತ್ತಿಕೊಂಡಿತೋ ಬೇಕೆಂದೇ ಸುಟ್ಟರೋ, ಕಳೆದುಹೋದ ಒಡವೆ ನಿಜಕ್ಕೂ ಕಳೆಯಿತೋ ಇಲ್ಲವೋ ಎಂದು ಪತ್ತೆಮಾಡುತ್ತಾ ಕೂದಲು ಬೆಳ್ಳಗಾಗಿಸಿಕೊಂಡವರು. ಬೀದಿಯವರು ಇನ್ಸ್‌ಪೆಕ್ಟರಮ್ಮ ಎಂದೇ ಕರೆಯುತ್ತಿದ್ದರು. ನಿವೃತ್ತಿಯ ನಂತರವೂ ಯಾರ ಮನೆಯಲ್ಲಿ ಏನು ಕಾಣೆಯಾದರೂ ಕರೆ ಬರುತ್ತಿತ್ತು, ಆಗೆಲ್ಲ ಸೊಸೆ ಜೊತೆಗಿರುತ್ತಿದ್ದಳು. ಅವಳಿಗೆ ಅತ್ತೆಯ ಬುದ್ಧಿಯ ಮೇಲೆ ಎಷ್ಟು ಹೆಮ್ಮೆಯೋ, ಪತ್ತೆಮಾಡಿದ್ದನ್ನು ಅವರು ಕೊನೆಯವರೆಗೂ ಹೇಳದೆ ಸತಾಯಿಸುವುದರ ಮೇಲೆ ಅಷ್ಟೇ ಸಿಟ್ಟು.

ಇನ್ಸ್‌ಪೆಕ್ಟರಮ್ಮ ಆಟೋದಲ್ಲಿ ಬಂದಿಳಿದರು. ಮೊಣಕಾಲು ನೀವಿಕೊಂಡು, ರಾಜನ ಪಾತ್ರಧಾರಿ ಬಿಟ್ಟುಕೊಟ್ಟ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ನಡೆದದ್ದನ್ನೆಲ್ಲ ಕೇಳಿದರು. ಆಮೇಲೆ ಕಳೆದ ಬಟ್ಟಲಿನ ಮಾತೇ ಎತ್ತದೆ, "ಸಿಕ್ಕಿದ್ದನ್ನ ಕೊಡು ನೋಡೋಣ," ಎಂದು ಮರದ ಬೋಗುಣಿಯನ್ನು ಕೈಗೆ ತೆಗೆದುಕೊಂಡರು. ಇದು ಎಲ್ಲಿಯದೆಂದು ಭಂಡಾರಿಯನ್ನು ಕೇಳಿದರು. ಪಕ್ಕದ ಅಡುಗೆಮನೆ ಸೆಟ್ಟಿನ ಮೇಲಿನ ಹಲಗೆಯದು, ಸ್ಟೂಲು ಹತ್ತದೆ ಕೈಗೆಟುಕುವುದಿಲ್ಲ ಎಂದ ಅವನು.

ಅಂತಃಪುರದಲ್ಲಿ ತಟ್ಟೆಯ ಪಕ್ಕದಲ್ಲೇ ಗಾಜಿನ ಲೋಟಗಳು, ಹೂವಿನ ಚಿತ್ರದ ಪಿಂಗಾಣಿ ಜಾಡಿಗಳು ಸಾಲಾಗಿ ಕೂತಿದ್ದವು. ಇನ್ಸ್‌ಪೆಕ್ಟರಮ್ಮ ಒಂದು ಜಾಡಿಯ ಮೇಲೆ ರೇಷ್ಮೆ ಬಟ್ಟೆ ಹೊದಿಸಿ ದೂರದಿಂದ ನೋಡಿದರು. ಅದೂ ಬಟ್ಟಲಿನಂತೆಯೇ ಕಂಡಿತು. ಅವರ ತುಟಿಯಂಚಿನಲ್ಲಿ ನಗು ಸುಳಿದದ್ದನ್ನು ಸೊಸೆ ಗಮನಿಸಿದಳು, ಕಾರಣ ಮಾತ್ರ ಹೊಳೆಯಲಿಲ್ಲ.

ಅಡುಗೆಮನೆ ಸೆಟ್ಟಿನಲ್ಲಿ ಗೋಡೆಗೆಲ್ಲ ಮಸಿ ಬಳಿದಿತ್ತು. ಮೂಲೆಯಲ್ಲಿ ಮಸಿಯ ಡಬ್ಬಿ ತೆರೆದಿತ್ತು. ಮೇಲಿನ ಹಲಗೆಯಲ್ಲಿ ಕಪ್ಪು ಹಿಡಿದ ಪಾತ್ರೆಗಳು ಒತ್ತೊತ್ತಾಗಿ ಕೂತಿದ್ದವು. ಅತ್ತೆ ಕತ್ತೆತ್ತಿ ಒಮ್ಮೆ ನೋಡಿದರು, ಹತ್ತಿ ಇಳಿಸುವ ಗೋಜಿಗೇ ಹೋಗಲಿಲ್ಲ. ಕಿರಿರಾಣಿಯ ಪಾತ್ರದ ಹುಡುಗಿಯನ್ನು ಮಾತಾಡಿಸಿದರು. ಕಿರಿರಾಣಿ ಸತ್ತರೆ ತನ್ನ ಕೆಲಸವೂ ಹೋಗುತ್ತದೆ, ಬೇಸರವಿಲ್ಲವೆಂದರೆ ಸುಳ್ಳಾಗುತ್ತದೆ, ಆದರೆ ಕದಿಯುವಷ್ಟು ಎದೆಗಾರಿಕೆ ತನಗಿಲ್ಲ ಎಂದಳು ಅವಳು. ತಿಂಡಿಯ ಹೊತ್ತಿನಲ್ಲಿ ಕೇಶಾಲಂಕಾರದಾಕೆ ಅವಳ ತಲೆಯನ್ನು ಅತ್ತಿತ್ತ ಅಲುಗಾಡಿಸಲು ಬಿಟ್ಟಿರಲಿಲ್ಲ. ಕತೆ ಬರೆಯುವಾತ ಒಳಗೊಳಗೇ ಖುಷಿಪಡುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು. ತಾನು ಆಗ ತಿಂಡಿ ಸಾಲಿನಲ್ಲಿ ಎರಡನೇ ಸಲ ನಿಂತಿದ್ದೆ ಎಂದು ನಾಚಿಕೆಯಿಂದ ಒಪ್ಪಿಕೊಂಡ.

ಹೊರಗೆ ಬಂದಾಗ ಅತ್ತೆ ಸೊಸೆಯನ್ನು ಕೇಳಿದ್ದು ಒಂದೇ. "ಬೆಳಗ್ಗೆಯಿಂದ ವಿಚಿತ್ರ ಅನ್ನಿಸಿದ್ದು ಏನಾದ್ರೂ ಇದ್ಯಾ? ಬಟ್ಟಲು ಬಿಟ್ಟು."

ಅವಳು ಯೋಚಿಸಿದಳು. ಶಾಟಿಗೆ ಮುಂಚೆ ದಾಸಿಯ ವೇಷದ ಹುಡುಗಿ ಕೈಗಡಿಯಾರ ಕಟ್ಟಿಕೊಂಡೇ ಬಂದುಬಿಟ್ಟಿದ್ದಳು, ತಾನೇ ನೋಡಿ ಬಿಚ್ಚಿಸಿದೆ ಎಂದಳು. ಅವಳು ಎಲ್ಲಿ ನಿಂತಿದ್ದಳು ಎಂದರು ಅತ್ತೆ. ಮೇಷ್ಟ್ರ ಮೂಗಿನ ಮುಂದೆಯೇ, ಎಂದಳು ಸೊಸೆ. ಅವರೇನೋ ಕಾಲೇಜಿನವರ ಹಾಗೆ ಅಂಗಿ ತೋಳಿನ ತುದಿಗೆಲ್ಲ ಇಂಕಿನ ಕಲೆ ಮಾಡಿಕೊಂಡು, ಯಾವುದೋ ಲೋಕದಲ್ಲಿದ್ದರು. ಅತ್ತೆ ಎಲ್ಲರನ್ನೂ ದರ್ಬಾರ್ ಸೆಟ್ಟಿಗೆ ಕರೆಸಲು ಹೇಳಿದರು.

ಥರ್ಮೋಕೋಲಿನ ಕಂಬಗಳ ನಡುವೆ ಎಲ್ಲರೂ ಸೇರಿದರು. ಸಿಂಹಾಸನದಲ್ಲಿ ಯಾರೂ ಕೂರಲಿಲ್ಲ, ಅದರ ಒಂದು ಕಾಲು ಸಡಿಲವಾಗಿತ್ತು. ಭಂಡಾರಿ ಬಾಗಿಲ ಬಳಿ ಮುದುಡಿ ನಿಂತಿದ್ದ. ಇನ್ಸ್‌ಪೆಕ್ಟರಮ್ಮ ಬೋಗುಣಿಯನ್ನು ಮಡಿಲಲ್ಲಿಟ್ಟುಕೊಂಡು, ಮಕ್ಕಳಿಗೆ ಲೆಕ್ಕ ಹೇಳಿಕೊಡುವವರಂತೆ ಮಾತು ಶುರುಮಾಡಿದರು.

ಬಟ್ಟಲು ಹೋದದ್ದು ತಕ್ಷಣ ಯಾರಿಗೂ ಗೊತ್ತಾಗಬಾರದೆಂಬುದು ಕದ್ದವರ ಲೆಕ್ಕ, ಅದಕ್ಕೇ ಬಟ್ಟೆಯ ಕೆಳಗೆ ಬೇರೇನನ್ನೋ ಇಡಬೇಕಾಯಿತು. ಪಕ್ಕದಲ್ಲೇ ಗಾಜು, ಪಿಂಗಾಣಿ ಬೇಕಾದಷ್ಟಿತ್ತು. ಕೈ ಚಾಚಿದರೆ ಸಿಗುತ್ತಿತ್ತು. ಅದೆಲ್ಲ ಬಿಟ್ಟು, ಇನ್ನೊಂದು ಸೆಟ್ಟಿಗೆ ಹೋಗಿ, ಸ್ಟೂಲು ಹತ್ತಿ, ಮರದ ಬೋಗುಣಿ ತಂದಿದ್ದಾರೆ. ಯಾಕೆ?

"ಆ ಕಾಲದಲ್ಲಿ ಪಿಂಗಾಣಿ, ಗಾಜು ಇರಲಿಲ್ಲವಂತೆ, ಹೌದಾ ಮೇಷ್ಟ್ರೇ? ಮರದ ಬೋಗುಣಿ ಇತ್ತು. ಕದಿಯೋವಾಗಲೂ ರಾಣಿ ಮುಂದೆ ಕಾಲಕ್ಕೆ ಒಪ್ಪದ ಪಾತ್ರೆ ಇಡೋಕೆ ಮನಸ್ಸು ಬಾರದೇ ಇದ್ದ ಕಳ್ಳ ಈ ಸ್ಟುಡಿಯೋದಲ್ಲಿ ಎಷ್ಟು ಜನ ಇದ್ದಾರೆ?"

ಎಲ್ಲರ ತಲೆಯೂ ಒಂದೇ ಕಡೆ ಹೊರಳಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಲು ಶುರುಮಾಡಿದರು.

ಇನ್ಸ್‌ಪೆಕ್ಟರಮ್ಮ ಮುಂದುವರಿಸಿದರು. ಅಷ್ಟರಿಂದಲೇ ಅವರು ತೀರ್ಮಾನಿಸಿರಲಿಲ್ಲ. ಗಾಜಿನ ಲೋಟ ಕಂಡರೆ ಸಿಡಿಮಿಡಿಗೊಳ್ಳುವವರು ಇವತ್ತು ದಾಸಿಯ ಕೈಗಡಿಯಾರ ಮೂಗಿನ ಮುಂದಿದ್ದರೂ ನೋಡಲಿಲ್ಲ, ಮನಸ್ಸು ಅಲ್ಲಿರಲಿಲ್ಲ. ಮಾತುಮಾತಿಗೂ ಆಧಾರ ಕೇಳುವವರು ಭಂಡಾರಿಯ ವಿಷಯದಲ್ಲಿ ಮಾತ್ರ ಯಾವ ಆಧಾರವನ್ನೂ ಕೊಡದೆ, ಖಂಡಿತ ಅವನಲ್ಲ ಎಂದರು. ಹಾಗೆ ಖಂಡಿತವಾಗಿ ಹೇಳಬಲ್ಲವನು ನಿಜವಾದ ಕಳ್ಳನೊಬ್ಬನೇ. ಇನ್ನು ಬಟ್ಟಲು. ಒತ್ತೊತ್ತಾಗಿ ಪಾತ್ರೆ ಜೋಡಿಸಿದ ಹಲಗೆಯಿಂದ ಬೋಗುಣಿ ತೆಗೆದರೆ ಅಲ್ಲಿ ಜಾಗ ಖಾಲಿಯಾಗಬೇಕಿತ್ತು. ಹಲಗೆ ತುಂಬಿಯೇ ಇದೆ.

ಭಂಡಾರಿ ಅಷ್ಟು ಕೇಳಿದ್ದೇ ಅಡುಗೆಮನೆಗೆ ಓಡಿದ. ಕಪ್ಪು ಪಾತ್ರೆಯೊಂದನ್ನು ತಂದು ಒದ್ದೆ ಬಟ್ಟೆಯಿಂದ ಉಜ್ಜಿದ. ಮಸಿಯ ಕೆಳಗಿನಿಂದ ಕಂಚಿನ ನವಿಲು ಹೊರಬಂತು. ಮೇಷ್ಟ್ರ ತೋಳಿನ ಕಲೆ ಇಂಕಿನದಲ್ಲವೆಂದು ಫೋಟೋ ಅಕ್ಕನಿಗೆ ಆಗ ಹೊಳೆಯಿತು. ಫೋಟೋ ತೆಗೆಯುವುದೇ ಕೆಲಸವಾದ ತನಗೆ ಇಷ್ಟು ಕಾಣಲಿಲ್ಲವಲ್ಲ ಎಂದು ತುಟಿ ಕಚ್ಚಿಕೊಂಡಳು.

ಎಲ್ಲರನ್ನೂ ಕಾಡಿದ ಪ್ರಶ್ನೆಯನ್ನು ನಿರ್ದೇಶಕರೇ ಕೇಳಿದರು. "ಅವಳು ಸಾಯಲೇಬೇಕು ಅಂತ ನನ್ನ ಜೀವ ತಿಂದವರು ನೀವೇ ಅಲ್ವಾ ಮೇಷ್ಟ್ರೇ?"

ಮೇಷ್ಟ್ರು ಮೊದಲು ಭಂಡಾರಿಯ ಹತ್ತಿರ ಹೋಗಿ ಅವನ ಕೈ ಹಿಡಿದು ಕ್ಷಮೆ ಕೇಳಿದರು. ಸಂಜೆಗೆ ಮುಂಚೆ ತಾನೇ ಒಪ್ಪಿಕೊಳ್ಳುವವನಿದ್ದೆ, ಇವತ್ತೊಂದು ದಿನ ಅವಳ ಸಾವು ತಪ್ಪಲಿ ಎಂಬಷ್ಟೇ ಆಸೆಯಿತ್ತು ಎಂದರು. ಆಮೇಲೆ ಕಿರಿರಾಣಿಯ ಕಡೆ ನೋಡದೆ ನಿಧಾನವಾಗಿ ಹೇಳಿದರು.

"ಇಡೀ ನೌಕರಿ ಪೂರ್ತಿ ಅವಳ ಸಾವನ್ನ ಪಾಠ ಮಾಡಿದೆ. ಎರಡು ಮಾರ್ಕಿನ ಪ್ರಶ್ನೆ ಅದು. ಒಂದು ದಿನವೂ ನನಗೆ ಬೇಜಾರಾಗಿರಲಿಲ್ಲ. ಈ ಹುಡುಗಿ ಬಂದು, ಮೇಷ್ಟ್ರೇ ಅವಳು ಹೇಗೆ ನಗ್ತಿದ್ಲು, ಸಿಟ್ಟು ಬಂದ್ರೆ ಏನು ಮಾಡ್ತಿದ್ಲು ಅಂತ ದಿನಾ ಕೇಳೋಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತಿದ್ದೆ. ಇವಳು ನಕ್ಕು ತೋರಿಸಿದಳು. ಇವತ್ತು ಬೆಳಗ್ಗೆ ಆ ತಟ್ಟೆ ನೋಡಿದಾಗ... ನನ್ನ ಕೈಲಿ ಆಗಲಿಲ್ಲ."

ಕಿರಿರಾಣಿ ಕಣ್ಣೊರೆಸಿಕೊಂಡಳು. ಬಣ್ಣ ಹಚ್ಚುವವನು ಮೇಕಪ್ ಹಾಳಾಗುತ್ತದೆ ಎಂದು ಗೊಣಗಿದ. ನಿರ್ದೇಶಕರು, ಹಾಗಾದರೆ ಬದುಕಿಸಿಯೇಬಿಡೋಣ, ಯಾರು ಕೇಳುತ್ತಾರೆ ಎಂದರು. ಮೇಷ್ಟ್ರು ತಟ್ಟನೆ ನೆಟ್ಟಗಾದರು. ಅದು ಸಾಧ್ಯವೇ ಇಲ್ಲ, ಶಾಸನದಲ್ಲಿದ್ದದ್ದನ್ನು ತಿದ್ದಲು ನೀವ್ಯಾರು ನಾನ್ಯಾರು ಎಂದು ಗದರಿದರು. ಕದ್ದು ಸಿಕ್ಕಿಬಿದ್ದವರು ಬೈಯುತ್ತಿದ್ದಾರೆಂಬುದೂ ಯಾರಿಗೂ ನೆನಪಾಗಲಿಲ್ಲ.

ಇನ್ಸ್‌ಪೆಕ್ಟರಮ್ಮ ಮಾತ್ರ ಶಾಂತವಾಗಿ, ಶಾಸನದಲ್ಲಿ ಸರಿಯಾಗಿ ಏನಿದೆ ಎಂದು ಕೇಳಿದರು.

"ವರ್ಷ ಇದೆ," ಎಂದರು ಮೇಷ್ಟ್ರು. "ತಿಂಗಳು ಕೆತ್ತಿರೋ ಕಡೆ ಕಲ್ಲು ಸಿಡಿದುಹೋಗಿದೆ."

"ನಿಮ್ಮ ಕತೇಲಿ ಆ ವರ್ಷ ಯಾವಾಗ ಶುರುವಾಯ್ತು?"

ಹೋದ ವಾರ, ಎಂದ ಕತೆ ಬರೆಯುವಾತ. ಹೇಳಿದವನು ಹಾಗೇ ಎದ್ದು ನಿಂತ. ವಿಷವಿಟ್ಟ ಮೊದಲ ಸಲವೇ ಸತ್ತಳೆಂದು ಎಲ್ಲಾದರೂ ಇದೆಯೇ ಎಂದು ಮೇಷ್ಟ್ರನ್ನು ಕೇಳಿದ. ಮೇಷ್ಟ್ರು ಹುಬ್ಬು ಗಂಟಿಕ್ಕಿ ತುಂಬ ಯೋಚಿಸಿದರು. ಹಾಗೆ ಹೇಳಲು ಆಧಾರವಿಲ್ಲ ಎಂದು ಒಪ್ಪಿಕೊಂಡಾಗ ಅವರ ಮುಖ ನೋಡಬೇಕಿತ್ತು. ಅರಮನೆಯ ಮುದುಕನೊಬ್ಬ ವಿಷದ ಬಟ್ಟಲನ್ನು ಅಡುಗೆಮನೆಯಲ್ಲಿ ಅಡಗಿಸಿಟ್ಟು ಕಿರಿರಾಣಿಯನ್ನು ಉಳಿಸುವ ಕಂತನ್ನು ಆತ ಅಲ್ಲೇ ಕೂತು ಬರೆದ. ನಿರ್ಮಾಪಕರು ಎಲ್ಲರ ಎದುರಿಗೇ ಭಂಡಾರಿಗೆ ತಪ್ಪಾಯಿತೆಂದರು. ಸಂಜೆ ಬೆಳಕು ಹೋಗುವ ಮುಂಚೆ ಶೂಟಿಂಗ್ ಮುಗಿಯಿತು.

ಆ ವರ್ಷ ಧಾರಾವಾಹಿಯಲ್ಲಿ ಬಹಳ ಉದ್ದವಾಯಿತು. ಜನ ನೋಡಿದರು, ಮೇಷ್ಟ್ರು ಒಂದೇ ಒಂದು ಸುಳ್ಳಿಗೂ ಒಪ್ಪದೆ ಕಂತಿನ ಮೇಲೆ ಕಂತು ದಾಟಿಸಿದರು. ಆದರೂ ವರ್ಷವೆಂದ ಮೇಲೆ ಮುಗಿಯಲೇಬೇಕು. ಕಿರಿರಾಣಿ ಕೊನೆಗೂ ಸತ್ತ ದಿನ ಮೇಷ್ಟ್ರು ಜ್ವರವೆಂದು ಹೇಳಿ ಕಳಿಸಿ ಮನೆಯಲ್ಲೇ ಉಳಿದರು. ಒಂದೇ ಟೇಕಿನಲ್ಲಿ ದೃಶ್ಯ ಮುಗಿಯಿತು. ಹುಡುಗಿ ಒಡವೆ ಬಿಚ್ಚಿ, ಮುಖ ತೊಳೆದು, ಫೋಟೋ ಅಕ್ಕನನ್ನು ಜೊತೆಗೆ ಕರೆದುಕೊಂಡು ನೇರವಾಗಿ ಮೇಷ್ಟ್ರ ಮನೆಗೆ ಹೋದಳು.

ಬಾಗಿಲು ತೆರೆದವರು ಮೇಷ್ಟ್ರೇ. ಜ್ವರವೇನೂ ಇರಲಿಲ್ಲ. ಕಣ್ಣು ಮಾತ್ರ ಕೆಂಪಾಗಿತ್ತು.

"ಸತ್ತು ಬಂದೆ ಮೇಷ್ಟ್ರೇ," ಎಂದಳು ಅವಳು. "ಬೆಳಗ್ಗೆಯಿಂದ ಏನೂ ತಿಂದಿಲ್ಲ."

ಮೇಷ್ಟ್ರು ಅವಳನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ, ಒಳಗೆ ತಿರುಗಿ ಹೆಂಡತಿಯನ್ನು ಕರೆದರು. "ಇನ್ನೆರಡು ತಟ್ಟೆ ಹಾಕೇ. ನಮ್ಮ ಹುಡುಗಿ ಬಂದಿದ್ದಾಳೆ."