ಕರಟದೊಳಗಿನ ನೀಲಿ ಉಂಗುರ

ಫೇಬಿಯ ಎದೆ ಏಳುತ್ತಿಲ್ಲ!

ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಊದಿದೆ. ಎದೆ ಎದ್ದಿತು. ಇಳಿಯಿತು. ಮತ್ತೆ ಊದಿದೆ... ನಾನು ನಿಲ್ಲಿಸಿದರೆ ಅವಳು ಸಾಯುತ್ತಾಳೆ.

"ಜೋರಾಗಿ ಓಡಿಸು ಹೆಸ್ಕಿ ಮಾವ!"

"ಇದು ದೋಣಿ ಕಣೇ, ವಿಮಾನ ಅಲ್ಲ!"

ಬಿತುಂಗ್ ಬಂದರಿಗೆ ಇನ್ನೂ ಇಪ್ಪತ್ತು ನಿಮಿಷ.

ನಾನೂ ಫೇಬಿಯೂ ಲೆಂಬೆ ದ್ವೀಪದ ಡೈವಿಂಗ್ ಗೈಡುಗಳು. ಸಮುದ್ರದಡಿಯ ಕಪ್ಪು ಮರಳಿನ ಇಳಿಜಾರಿನಲ್ಲಿ ಬೆರಳುದ್ದದ ಜೀವಿಗಳನ್ನು ಹುಡುಕಿ ಪ್ರವಾಸಿಗರ ಕ್ಯಾಮೆರಾಗೆ ತೋರಿಸುವುದು ಕಸುಬು. ಹನ್ನೊಂದು ವರ್ಷ ಎಲ್ಲರೂ ಗೈಡಾಗಿ ನಾನೇ ಬೇಕೆನ್ನುತ್ತಿದ್ದರು. ಈಗ ಫೇಬಿ ಬೇಕೆನ್ನುತ್ತಾರೆ. ಅವಳಿಗೆ ಕೆಲಸ ಕಲಿಸಿದವಳು ನಾನು!

ನಿನ್ನೆ ಸಂಜೆ ನನಗೊಂದು ನೀಲಿ ಉಂಗುರದ ಆಕ್ಟೋಪಸ್ ಸಿಕ್ಕಿತು. ಗೋಲಿಯಷ್ಟೇ ಗಾತ್ರ. ಕಚ್ಚಿದರೆ ಉಸಿರೇ ನಿಲ್ಲುತ್ತದೆ. ಬೆಳಗ್ಗೆ ನನ್ನ ಅತಿಥಿಗೇ ಸಿಗಲೆಂದು ಕಡ್ಡಿಯಿಂದ ತಳ್ಳಿ, ಎರಡು ತೆಂಗಿನ ಕರಟಗಳ ನಡುವೆ ಮುಚ್ಚಿಟ್ಟೆ.

ಮುಚ್ಚಿದ ಕರಟದೊಳಗೆ ಸಾಮಾನ್ಯವಾಗಿ ಇರುವುದು ಬೇರೆಯೇ ಆಕ್ಟೋಪಸ್. ಸಾಧು ಪ್ರಾಣಿ. ನಾವೆಲ್ಲ ಬರಿಗೈಯಲ್ಲೇ ತೆರೆಯುತ್ತೇವೆ.

ಇವತ್ತು ಬೆಳಗ್ಗೆ ಆ ಕರಟ ಮೊದಲು ಕಂಡದ್ದು ಫೇಬಿಗೆ. ಅವಳೂ ಕೈಹಾಕಿದಳು.

ಇಪ್ಪತ್ತು ಅಡಿ ದೂರದಲ್ಲಿ ನಾನಿದ್ದೆ. ಕಡ್ಡಿಯಿಂದ ಬೆನ್ನಿನ ಗಾಳಿ ಸಿಲಿಂಡರ್ ಬಡಿದು ಎಚ್ಚರಿಸಬಹುದಿತ್ತು. ಬಡಿದರೆ ನನ್ನ ಗುಟ್ಟು ಬಯಲು! ಒಂದು ಕ್ಷಣ ಕೈ ತಡೆಯಿತು...

ಅಷ್ಟೇ ಸಾಕಾಯಿತು. ದೋಣಿಯಲ್ಲಿ ಊದುವುದರ ನಡುವೆ ಇದನ್ನೆಲ್ಲ ಗೊಣಗುತ್ತಿದ್ದೆ, ತಪ್ಪಾಯ್ತು ಎನ್ನುತ್ತಿದ್ದೆ.

"ನೀರು ಕುಡಿದಳು ಅಂದ್ಬಿಡು," ಹೆಸ್ಕಿ ಮಾವ ತಿರುಗಿ ನೋಡದೆ ಹೇಳಿದ. "ನಿನ್ನ ಲೈಸೆನ್ಸ್ ಉಳಿಯುತ್ತೆ. ನಾನಂತೂ ಏನೂ ಕೇಳಿಸ್ಕೊಂಡಿಲ್ಲ."

ನಾನು ಮತ್ತೆ ಊದಿದೆ. ಬಾಯಿಗೆ ಬೇರೆ ಕೆಲಸವಿತ್ತು.

ಬಂದರಿನಲ್ಲಿ ಡಾಕ್ಟರು ಕಾಯುತ್ತಿದ್ದರು. ಪಕ್ಕದಲ್ಲಿ ಪೊಲೀಸ್. ಡಾಕ್ಟರು ಫೇಬಿಯ ಕಣ್ಣಿಗೆ ಟಾರ್ಚ್ ಬಿಟ್ಟರು. ರೆಪ್ಪೆ ಮಿಟುಕಲಿಲ್ಲ.

"ಬಿಡಮ್ಮಾ... ಹೋಗಿದ್ದಾಳೆ."

"ಇಲ್ಲ! ಇದು ಆಕ್ಟೋಪಸ್ ವಿಷ! ಮೈ ಮಾತ್ರ ಮರಗಟ್ಟಿದೆ. ಉಸಿರಿನ ಯಂತ್ರ ಹಾಕಿ!"

"ನಿನಗೆ ಹೇಗೆ ಗೊತ್ತು?" ಪೊಲೀಸ್ ಮುಂದೆ ಬಂದ.

"ಅದನ್ನ ಅಲ್ಲಿ ಇಟ್ಟವಳೇ ನಾನು!"

ಹೆಸ್ಕಿ ಮಾವ ಹಣೆ ಚಚ್ಚಿಕೊಂಡ.

ಮರುದಿನ ಆಸ್ಪತ್ರೆಯಲ್ಲಿ ಫೇಬಿ ಯಂತ್ರವಿಲ್ಲದೆ ತಾನೇ ಉಸಿರಾಡಿದಳು. ಅಷ್ಟರಲ್ಲಿ ನನ್ನ ಲೈಸೆನ್ಸ್ ಪೊಲೀಸರ ಮೇಜು ಸೇರಿತ್ತು. ಅವಳ ಮಂಚದ ಬಳಿ ನಿಂತೆ. ಮುಖ ನೋಡುವ ಧೈರ್ಯ ಇರಲಿಲ್ಲ.

"ನನಗೆ ಎಲ್ಲಾ ಕೇಳಿಸ್ತಿತ್ತು, ವೊನ್ನಿ ಅಕ್ಕ," ಅವಳ ದನಿ ಗೊಗ್ಗರಾಗಿತ್ತು. "ದೋಣಿಯಲ್ಲಿ ನೀನು ಗೊಣಗಿದ್ದೂ."

"ಫೇಬಿ, ತಪ್ಪಾಯ್ತು ಕಣೇ..."

"ಸಾಕು ಮಾಡು! ನೀನು ತಪ್ಪಾಯ್ತು ಅಂದಾಗಲೆಲ್ಲ ನನಗೆ ಒಂದು ಉಸಿರು ಕಡಿಮೆ ಬೀಳ್ತಿತ್ತು."