ಒಣ ಪೊರಕೆ

"ಪೊರಕೆ ನಂಗೆ! ನಾನೇ ಮೊದಲು ಹಿಡ್ಕೊಂಡಿದ್ದು!" ಎಂದು ಗುಬ್ಬಿ ಕೂಗಿದಳು.

ಸ್ಪೋರ್ಟ್ಸ್ ಡೇಗೆ ಹತ್ತೇ ದಿನ ಉಳಿದಿತ್ತು. ಆಟದ ಸಾಮಾನಿನ ಕೋಣೆ ಕ್ಲೀನ್ ಮಾಡಿ ಎಂದು ಪಿ.ಟಿ. ಸರ್ ಗುಬ್ಬಿಯನ್ನೂ ಪೀಪಿಯನ್ನೂ ಕಳಿಸಿದ್ದರು. ರಜೆಯುದ್ದಕ್ಕೂ ಮುಚ್ಚಿದ್ದ ಕೋಣೆ. ಮ್ಯಾಟ್ ಎತ್ತಿದರೆ ಕೆಳಗೆಲ್ಲ ಇಲಿ ಹಿಕ್ಕೆ. ಹಿಂದಿನ ಹೊಲದಿಂದ ಬಂದ ಇಲಿಗಳು ಹಗ್ಗಜಗ್ಗಾಟದ ಹಗ್ಗವನ್ನೇ ಕಡಿದು ಗೂಡು ಕಟ್ಟಿಕೊಂಡಿದ್ದವು.

"ಇಲಿ ಫ್ಯಾಮಿಲಿ ಫುಲ್ ಮಜಾ ಮಾಡಿದೆ ಕಣೇ!" ಎಂದು ಗುಬ್ಬಿ ನಕ್ಕಳು.

ಪೀಪಿ ಬಾಯಿ ತೆರೆದಳು. ಬಾಯಿ ಮುಚ್ಚಿ ಕೂರುವುದೇ ಗೊತ್ತಿಲ್ಲದ ಹುಡುಗಿ ಎಂದೇ ಅವಳಿಗೆ ಆ ಹೆಸರು ಬಂದದ್ದು. ಈಗ ಏನು ಮಾಡಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಾಗಿಲು ಕಿಟಕಿ ತೆರೆದು ಅರ್ಧ ಗಂಟೆ ಬಿಡಬೇಕು. ಮಾಸ್ಕ್, ಗ್ಲೌಸ್ ಹಾಕಬೇಕು. ಬ್ಲೀಚಿಂಗ್ ಪೌಡರ್ ನೀರು ಹಾಕಿ ನೆನೆಸಿ, ಆಮೇಲೆ ಬಟ್ಟೆಯಲ್ಲಿ ಒರೆಸಬೇಕು. ಒಣ ಪೊರಕೆ ಮಾತ್ರ ಆಡಿಸಲೇಬಾರದು.

ಇದನ್ನು ಹೇಳಿಕೊಟ್ಟವನು ಅಪ್ಪ. "ಕಾಡಿಲಿ, ಹೊಲದಿಲಿ ಮೈಯಲ್ಲಿ ವೈರಸ್ ಇರಬಹುದು, ಇಲ್ಲದೇನೂ ಇರಬಹುದು. ಇದ್ರೂ ಇಲಿ ಪಾಪ ಆರಾಮಾಗೇ ಓಡಾಡ್ಕೊಂಡಿರುತ್ತೆ. ಹಿಕ್ಕೆ ಒಣಗಿ ಧೂಳಾಗಿ ಮೂಗಿಗೆ ಹೋದ್ರೆ ಕಷ್ಟ ನಮಗೆ," ಎನ್ನುತ್ತಿದ್ದ.

ಆದರೆ ಇದನ್ನೆಲ್ಲ ಹೇಳಿದರೆ, "ನಿಂಗೆ ಹೇಗೆ ಗೊತ್ತು?" ಎಂದು ಗುಬ್ಬಿ ಕೇಳುತ್ತಾಳೆ. ಆಗ ಅಪ್ಪನ ಕೆಲಸ ಹೇಳಬೇಕಾಗುತ್ತದೆ. ಹೊಲ, ಗೋಡೌನುಗಳಲ್ಲಿ ಬೋನು ಇಟ್ಟು ಇಲಿ ಹಿಡಿಯುವುದು, ಅವುಗಳ ರಕ್ತ ತೆಗೆದು ಲ್ಯಾಬಿಗೆ ಕಳಿಸುವುದು. ಕ್ಲಾಸಿನಲ್ಲಿ ಪೀಪಿ ಹೇಳಿದ್ದು ಬೇರೆ: "ನಮ್ಮಪ್ಪ ಲ್ಯಾಬಲ್ಲಿ ದೊಡ್ಡ ಆಫೀಸರ್." ಬೋನುಗಳು ಯಾರ ಕಣ್ಣಿಗೂ ಬೀಳಬಾರದೆಂದು ದಿನಾ ಬೆಳಿಗ್ಗೆ ಸ್ಕೂಲ್ ಗೇಟಿಗೆ ಮೊದಲೇ, ಮೂಲೆಯ ಪುಸ್ತಕದಂಗಡಿಯ ಹತ್ತಿರ, ಅಪ್ಪನ ಸ್ಕೂಟರಿನಿಂದ ಇಳಿದುಬಿಡುತ್ತಿದ್ದಳು.

ತೆರೆದ ಬಾಯಿ ಮುಚ್ಚಿಕೊಂಡಿತು.

"ನೀನು ಗುಡಿಸು. ನಾನು ಹೊರಗೆ ಬಾಲ್ ಒರೆಸ್ತೀನಿ," ಎಂದಳು ಪೀಪಿ.

ಒಳಗೆ ಪೊರಕೆ ಪರಪರ ಆಡಿತು. ಧೂಳು ಬಾಗಿಲಿನ ತನಕ ಎದ್ದು ಬಂತು. ಗುಬ್ಬಿ ಏಳು ಸಲ ಸೀನಿದಳು. ಆ ಏಳು ಸಲವೂ ಪೀಪಿ ಅದೇ ಒಂದು ಬಾಲನ್ನು ಒರೆಸುತ್ತಿದ್ದಳು.

ಮೂರನೇ ದಿನ ಗುಬ್ಬಿಯ ಜಾಗ ಖಾಲಿ.

"ಅವಳಿಗೆ ಜ್ವರ ಅಂತೆ," ಎಂದರು ಮಿಸ್.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗಾಯಿತು. ಯಾರೂ ಪೀಪಿಯ ಕಡೆ ನೋಡಲಿಲ್ಲ. ಅವಳಿಗೆ ಮಾತ್ರ ಇಡೀ ಕ್ಲಾಸು ತನ್ನನ್ನೇ ನೋಡುತ್ತಿದೆ ಅನ್ನಿಸಿತು.

ಸಂಜೆ ಅಪ್ಪ ನಲ್ಲಿಯ ಹತ್ತಿರ ಬೋನು ತೊಳೆಯುತ್ತಿದ್ದ. ಪೀಪಿ ಅಳುತ್ತಲೇ ಎಲ್ಲ ಹೇಳಿದಳು. ಅಪ್ಪ ನಲ್ಲಿ ನಿಲ್ಲಿಸಿದ.

"ಅವಳು ಗುಡಿಸ್ತಿದ್ದಾಗ ನೀನೆಲ್ಲಿದ್ದೆ?"

"ಹೊರಗೆ."

ಅಪ್ಪ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಕ್ಲಾಸಲ್ಲಿ ನಾನು, ನಮ್ಮಪ್ಪ ಆಫೀಸರ್ ಅಂತ ಹೇಳಿದ್ದೆ ಅಪ್ಪಾ..."

"ಹೂಂ. ದಿನಾ ಅಂಗಡಿ ಹತ್ರ ಇಳೀತೀಯಲ್ಲ, ಹೀಗೇ ಏನೋ ಇರಬೇಕು ಅಂದ್ಕೊಂಡಿದ್ದೆ," ಎಂದು ಅಪ್ಪ ಗ್ಲೌಸ್ ಕಳಚಿದ. "ಸ್ನಾನ ಮಾಡಿ ಬರ್ತೀನಿ. ಅವರ ಮನೆಗೆ ಹೋಗೋಣ."

ಗುಬ್ಬಿಯ ಅಮ್ಮ ಬಾಗಿಲು ತೆರೆದರು. ಒಳಗೆ ಮಂಚದ ಮೇಲೆ ಗುಬ್ಬಿ ಕೆಂಪು ಮೂಗಿನೊಂದಿಗೆ ಮಲಗಿದ್ದಳು.

"ನಾನು ಆರೋಗ್ಯ ಇಲಾಖೆಯವನಮ್ಮಾ," ಎಂದ ಅಪ್ಪ. ಪೀಪಿಯ ಕಡೆ ಒಮ್ಮೆ ನೋಡಿ, "ಈ ಮಗು ಮನೆ ತೋರಿಸ್ತು," ಎಂದ.

ಈ ಮಗು! ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಪೀಪಿಗೆ. ಅವಳ ಸುಳ್ಳು ಉಳಿಯಲೆಂದು ಅಪ್ಪ ತಾನೇ ಬೇರೆ ಯಾರೋ ಆಗಿಬಿಟ್ಟಿದ್ದ.

"ಇಲ್ಲ ಆಂಟಿ, ಇವರು ನಮ್ಮಪ್ಪ," ಎಂದಳು. "ಇಲಿ ಹಿಡಿಯೋದು ಇವರ ಕೆಲಸ. ಇಲಿ ಹಿಕ್ಕೆ ಮೇಲೆ ಒಣ ಪೊರಕೆ ಆಡಿಸಬಾರದು ಅಂತ ನಂಗೆ ಗೊತ್ತಿತ್ತು. ನಾನು ಹೇಳ್ಲಿಲ್ಲ."

ಗುಬ್ಬಿಯ ಅಮ್ಮ ಮಗಳ ಹಣೆ ಮುಟ್ಟಿ ನೋಡಿದರು. ಅಪ್ಪ ನಿಧಾನವಾಗಿ ಹೇಳಿದ. "ಹೆದರಬೇಡಿ ಅಮ್ಮಾ. ಇಲಿ ಹಿಕ್ಕೆಯಿಂದ ಬರೋ ಕಾಯಿಲೆ ಎರಡು ಮೂರು ದಿನಕ್ಕೆಲ್ಲ ಕಾಣಿಸ್ಕೊಳ್ಳಲ್ಲ. ಇದು ಬರೀ ನೆಗಡಿ ಜ್ವರ ಇರಬಹುದು. ಆದ್ರೂ ಡಾಕ್ಟರ್‌ಗೆ ಇಲಿ ಧೂಳಿನ ವಿಷಯ ಹೇಳಿ. ಇನ್ನೆರಡು ತಿಂಗಳಲ್ಲಿ ಮತ್ತೆ ಜ್ವರ, ಮೈಕೈ ನೋವು ಬಂದ್ರೆ ತಡ ಮಾಡಬೇಡಿ. ನಾಳೆ ಆ ಕೋಣೇಲಿ ಬೋನು ಇಟ್ಟು ಇಲಿಗಳನ್ನ ಪರೀಕ್ಷೆ ಮಾಡಿಸ್ತೀನಿ."

ಗುಬ್ಬಿ ಪೀಪಿಯನ್ನೇ ನೋಡುತ್ತಿದ್ದಳು.

"ಅದಕ್ಕೇ ನೀನು ಹೊರಗೆ ಹೋದ್ಯಾ?"

ಪೀಪಿ ಹೌದೆಂದು ತಲೆಯಾಡಿಸಿದಳು. ಗುಬ್ಬಿ ಗೋಡೆಯ ಕಡೆ ಹೊರಳಿ ಮಲಗಿದಳು.

ಮರುದಿನ ಬೆಳಿಗ್ಗೆ ಸ್ಕೂಟರಿನ ಮುಂಭಾಗದಲ್ಲಿ ನಾಲ್ಕು ಬೋನುಗಳಿದ್ದವು. ಪುಸ್ತಕದಂಗಡಿ ಬಂದ ಕೂಡಲೇ ಅಪ್ಪ ಬ್ರೇಕ್ ಹಾಕಿದ.

"ನೀನು ಇಳ್ದು ಹೋಗಮ್ಮ. ನಾನು ಆಮೇಲೆ ಒಬ್ಬನೇ ಬರ್ತೀನಿ."

"ಇಲ್ಲಿ ಬೇಡಪ್ಪಾ. ಗೇಟ್ ತನಕ ನಡಿ."

ಬೋನುಗಳು ಗಡಗಡ ಸದ್ದು ಮಾಡುತ್ತಾ ಗೇಟಿಗೆ ಬಂದವು. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಪೀಪಿಯ ಕಿವಿ ಬಿಸಿಯಾಯಿತು. ಗೋಡೆಯ ಕಡೆ ಹೊರಳಿದ ಗುಬ್ಬಿಯ ಬೆನ್ನು ನೆನಪಾಯಿತು. ಅವಳು ಸ್ಕೂಟರಿನಿಂದ ಇಳಿದು, ತೊಳೆದಿಟ್ಟ ಬೋನೊಂದನ್ನು ಎತ್ತಿಕೊಂಡಳು.

"ಆಟದ ಕೋಣೆ ಈ ಕಡೆ, ಅಪ್ಪಾ," ಎಂದಳು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ.